‘ಬದಲಾವಣೆ ಫಲಿಸಿತೇ?’ ಕೋಷ್ಟಕದ ಕುರಿತು ನಮ್ಮ ಚಂದಾದಾರರಿಗೆ

ಮಾನ್ಯ ಚಂದಾದಾರರಿಗೆ ವಂದನೆಗಳು.

ನಮ್ಮ ಬ್ಯಾಸ್ಕೆಟ್‌ಬಾಲ್ ಪಾಕ್ಷಿಕದ ಮೂರನೆಯ ಪುಟದಲ್ಲಿ ಬರುತ್ತಿದ್ದ ‘ಬದಲಾವಣೆ ಫಲಿಸಿತೇ?’ ಕೋಷ್ಟಕ ಈ ಋತುವಿನಿಂದ ಹಳೆಯ ರೂಪದಲ್ಲಿ ಬರುವುದಿಲ್ಲ. ತಂಡವೊಂದು ಪಾಯಿಂಟ್ ಗಾರ್ಡ್‌ನನ್ನು (ಚೆಂಡನ್ನು ಮುಂದೆ ತಂದು ಆಕ್ರಮಣವನ್ನು ನಡೆಸುವ ಆಟಗಾರನನ್ನು) ಬದಲಿಸಿದ ಕೆಲವೇ ವಾರಗಳಲ್ಲಿ, ಹಿಂದಿನ ಮತ್ತು ಈಗಿನ ಗೆಲುವು ಸೋಲುಗಳನ್ನು ಅಕ್ಕಪಕ್ಕ ಇಟ್ಟು, ‘ಸುಧಾರಿಸಿದೆ’ ಅಥವಾ ‘ಕುಸಿದಿದೆ’ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದ ಆ ಕೋಷ್ಟಕವನ್ನು ನಿಮ್ಮಲ್ಲಿ ಅನೇಕರು ಸಂಚಿಕೆ ಕೈಗೆ ಬಂದ ತಕ್ಷಣ ತೆರೆದು ನೋಡುತ್ತಿದ್ದಿರಿ ಎಂಬುದು ನಮಗೆ ಗೊತ್ತು. ಅದರ ಬದಲು ಋತುವಿನ ಅರ್ಧ ಮುಗಿದಾಗ ಒಮ್ಮೆ ಮತ್ತು ಕೊನೆಯಲ್ಲಿ ಇನ್ನೊಮ್ಮೆ ವಿವರವಾದ ಬರಹ ಬರುತ್ತದೆ. ಇದೇ ಹೊತ್ತಿಗೆ ವಾರ್ಷಿಕ ಚಂದಾವನ್ನೂ 600 ರೂಪಾಯಿಗಳಿಂದ 720 ರೂಪಾಯಿಗಳಿಗೆ ಏರಿಸಬೇಕಾಗಿ ಬಂದಿದೆ. ಪ್ರಿಯವಾದದ್ದೊಂದು ಕೈಬಿಟ್ಟುಹೋಗುವುದು ಮತ್ತು ಬೆಲೆ ಏರುವುದು ಒಟ್ಟಿಗೇ ಆದದ್ದಕ್ಕೆ ನಿಮಗೆ ಬೇಸರವಾಗಿರುವುದು ಸಹಜ. ಅದಕ್ಕಾಗಿ ನಾವು ಮನಃಪೂರ್ವಕವಾಗಿ ವಿಷಾದಿಸುತ್ತೇವೆ.

ಆದರೆ ಪುಟ ಉಳಿಸುವುದಕ್ಕಾಗಿ ಕೋಷ್ಟಕವನ್ನು ತೆಗೆದಿದ್ದೇವೆ, ಉಳಿತಾಯ ಮಾಡಿಕೊಂಡು ಮೇಲಿನಿಂದ ಬೆಲೆಯನ್ನೂ ಏರಿಸಿದ್ದೇವೆ ಎಂಬ ಮಾತು ಕೇಳಿಬರುತ್ತಿದೆ. ಅದನ್ನು ನಾವು ಒಪ್ಪಲಾರೆವು. ಹಳೆಯ ಕೋಷ್ಟಕಕ್ಕೆ ತಗಲುತ್ತಿದ್ದ ಖರ್ಚು ಬಹಳ ಕಡಿಮೆ. ಪ್ರಕಟವಾದ ಫಲಿತಾಂಶಗಳನ್ನು ನೋಡಿ ಒಬ್ಬರು ಕುಳಿತು ಬರೆದರೆ ಸಾಕಿತ್ತು. ಹೊಸ ಬರಹಕ್ಕೆ ಪ್ರತಿ ಪಂದ್ಯದ ಪೊಸೆಷನ್‌ಗಳನ್ನು, ಅಂದರೆ ಚೆಂಡು ತಂಡದ ಕೈಯಲ್ಲಿದ್ದ ಸರದಿಗಳನ್ನು, ಲೆಕ್ಕ ಹಾಕಬೇಕು. ತಂಡವು ಬುಟ್ಟಿಯತ್ತ ಎಸೆದ ಎಸೆತಗಳು, ಟರ್ನೋವರ್‌ಗಳು (ಎಸೆಯುವ ಮೊದಲೇ ಚೆಂಡು ಎದುರಾಳಿಗೆ ಹೋದ ಸಂದರ್ಭಗಳು), ಫ್ರೀ ಥ್ರೋಗಳನ್ನು (ಎದುರಾಳಿಯ ಫೌಲ್‌ಗೆ ಸಿಗುವ ಉಚಿತ ಎಸೆತಗಳನ್ನು) 0.44ರಿಂದ ಗುಣಿಸಿ ಬಂದ ಮೊತ್ತ, ಈ ಮೂರನ್ನೂ ಕೂಡಿಸಿ ಅದರಿಂದ ಆಕ್ರಮಣದ ರಿಬೌಂಡ್‌ಗಳನ್ನು (ಗುರಿ ತಪ್ಪಿದ ತಮ್ಮದೇ ಎಸೆತದ ಚೆಂಡನ್ನು ಮತ್ತೆ ಹಿಡಿದದ್ದನ್ನು) ಕಳೆದಾಗ ಪೊಸೆಷನ್‌ಗಳ ಅಂದಾಜು ಸಿಗುತ್ತದೆ. ಅಲ್ಲಿಂದ ನೂರು ಪೊಸೆಷನ್‌ಗೆ ತಂಡ ಗಳಿಸಿದ ಅಂಕ ಎಷ್ಟು, ಬಿಟ್ಟುಕೊಟ್ಟ ಅಂಕ ಎಷ್ಟು ಎಂದು ನೋಡಬೇಕು. ಆಮೇಲೆ ಹೊಸ ಪಾಯಿಂಟ್ ಗಾರ್ಡ್ ಅಂಗಳದಲ್ಲಿದ್ದಾಗಿನ ಲೆಕ್ಕವನ್ನೂ ಅವನು ಬೆಂಚಿನಲ್ಲಿ ಕುಳಿತಾಗಿನ ಲೆಕ್ಕವನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಪಂದ್ಯಗಳು ಬಹುಪಾಲು ನಮ್ಮ ಬೆಳಗಿನ ಜಾವಕ್ಕೆ ಆರಂಭವಾಗುತ್ತವೆ. ಆ ಹೊತ್ತಿಗೆ ಎದ್ದು ಕುಳಿತು ಈ ಕೆಲಸ ಮಾಡುವ ನಮ್ಮ ಬಳಗದ ಸದಸ್ಯರಿಗೆ ಸಂಭಾವನೆ ಕೊಡದೆ ದುಡಿಸಿಕೊಳ್ಳುವುದು ಸಹಕಾರ ಎನಿಸಿಕೊಳ್ಳುವುದಿಲ್ಲ. ಕಾಗದ, ಮುದ್ರಣ ಮತ್ತು ಅಂಚೆಯ ಖರ್ಚು ನಮ್ಮ ಕೈಯಲ್ಲಿ ಇಲ್ಲ. ಬೆಟ್ಟಿಂಗ್ ಆ್ಯಪ್‌ಗಳ ಜಾಹೀರಾತನ್ನು ಹಾಕಿದ್ದರೆ ಈ ಏರಿಕೆಯ ಅಗತ್ಯವೇ ಬೀಳುತ್ತಿರಲಿಲ್ಲ. ನಾವು ಹಾಕಲಿಲ್ಲ, ಮುಂದೆಯೂ ಹಾಕುವುದಿಲ್ಲ, ಮತ್ತು ಅದರ ಬಗ್ಗೆ ನಮಗೆ ಹೆಮ್ಮೆಯಿದೆ.

ಈಗ, ಪತ್ರಗಳಲ್ಲಿಯೂ ಫೋನಿನಲ್ಲಿಯೂ ಮತ್ತೆ ಮತ್ತೆ ಬರುತ್ತಿರುವ ಆಕ್ಷೇಪಕ್ಕೆ ಉತ್ತರಿಸುತ್ತೇವೆ. ‘ಪಾಯಿಂಟ್ ಗಾರ್ಡ್ ಬದಲಾದ ಮೇಲೆ ತಂಡ ಹೆಚ್ಚು ಗೆದ್ದರೆ ಸುಧಾರಿಸಿದೆ, ಕಡಿಮೆ ಗೆದ್ದರೆ ಕುಸಿದಿದೆ, ಇದರಲ್ಲಿ ಲೆಕ್ಕ ಹಾಕುವುದಕ್ಕೆ ಏನಿದೆ?’ ಎಂದು ನೀವು ಕೇಳುತ್ತೀರಿ. ಹೀಗೆ ಕೇಳುವ ಬಹುತೇಕರು ಕೊಡುವ ಉದಾಹರಣೆಯೂ ಒಂದೇ: 2008ರ ನವೆಂಬರ್‌ನಲ್ಲಿ ಎನ್‌ಬಿಎಯ ಡೆನ್ವರ್ ಮತ್ತು ಡೆಟ್ರಾಯಿಟ್ ತಂಡಗಳ ನಡುವೆ ನಡೆದ ಆಟಗಾರರ ವಿನಿಮಯ. ಆದ್ದರಿಂದ ನಾವೂ ಅದನ್ನೇ ತೆಗೆದುಕೊಳ್ಳುತ್ತೇವೆ.

ಅಂದು ಆ್ಯಲನ್ ಐವರ್ಸನ್ ಡೆಟ್ರಾಯಿಟ್‌ಗೆ ಹೋದರು, ಚಾನ್ಸಿ ಬಿಲಪ್ಸ್ ತಮ್ಮ ಹುಟ್ಟೂರಾದ ಡೆನ್ವರ್‌ಗೆ ಬಂದರು. ಹಿಂದಿನ ಋತುವಿನಲ್ಲಿ ಡೆನ್ವರ್ 82 ಪಂದ್ಯಗಳಲ್ಲಿ 50 ಗೆದ್ದು, ಪಶ್ಚಿಮ ವಿಭಾಗದ ಎಂಟನೆಯ ಸ್ಥಾನದಿಂದ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ; ಒಂದೇ ಎದುರಾಳಿಯ ವಿರುದ್ಧ ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದಿನ ಸುತ್ತಿಗೆ) ಸೇರಿ, ಮೊದಲ ಸುತ್ತಿನಲ್ಲಿಯೇ ಲೇಕರ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಪಂದ್ಯಗಳನ್ನು ಸೋತಿತ್ತು. ಬಿಲಪ್ಸ್ ಬಂದ ಋತುವಿನಲ್ಲಿ ಗೆದ್ದದ್ದು 54. ಹಳೆಯ ಕೋಷ್ಟಕ ಇಲ್ಲಿ ‘ಸುಧಾರಿಸಿದೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಿತ್ತು. ಆದರೆ ಹೆಚ್ಚಾದದ್ದು ನಾಲ್ಕು ಗೆಲುವು ಮಾತ್ರ. 82 ಪಂದ್ಯಗಳ ಫಲಿತಾಂಶವನ್ನೂ ನಾಣ್ಯ ಚಿಮ್ಮಿ ನಿರ್ಧರಿಸಿದರೂ ಗೆಲುವಿನ ಸಂಖ್ಯೆ 41ರಿಂದ ನಾಲ್ಕೈದು ಆಚೀಚೆ ಆಗುವುದು ತೀರ ಸಾಮಾನ್ಯ. ಹೀಗಿರುವಾಗ, ಬರೀ ಗೆಲುವಿನ ಸಂಖ್ಯೆಯನ್ನು ನಂಬಿದರೆ, ಡೆನ್ವರ್ ಸುಧಾರಿಸಿತು ಎನ್ನುವುದಕ್ಕೆ ಗಟ್ಟಿಯಾದ ಆಧಾರವೇ ಇರುವುದಿಲ್ಲ.

ಆದರೂ ಡೆನ್ವರ್ ನಿಜವಾಗಿಯೂ ಸುಧಾರಿಸಿತು ಎಂಬುದೇ ನಮ್ಮ ದೃಢವಾದ ಅಭಿಪ್ರಾಯ. ಅದಕ್ಕೆ ಕಾರಣಗಳು ಹಳೆಯ ಕೋಷ್ಟಕದಲ್ಲಿ ಕಾಣುತ್ತಿರಲಿಲ್ಲ. ಆ ಬೇಸಿಗೆಯಲ್ಲಿಯೇ ತಂಡವು ತನ್ನ ರಕ್ಷಣೆಯ ಆಧಾರಸ್ತಂಭವಾಗಿದ್ದ ಮಾರ್ಕಸ್ ಕ್ಯಾಂಬಿಯನ್ನು ಬಿಟ್ಟುಕೊಟ್ಟಿತ್ತು. ಹಾಗಿದ್ದರೂ ಗೆಲುವು ಕಡಿಮೆಯಾಗಲಿಲ್ಲ. ಐವರ್ಸನ್ ಡೆನ್ವರ್‌ನಲ್ಲಿ ಪಂದ್ಯಕ್ಕೆ ಸರಾಸರಿ 26 ಅಂಕ ಗಳಿಸುತ್ತಿದ್ದರು, ಬಿಲಪ್ಸ್ ಗಳಿಸಿದ್ದು 18ರ ಆಸುಪಾಸು. ಅಸಿಸ್ಟ್‌ಗಳಲ್ಲಿಯೂ (ಜೊತೆಗಾರನ ಅಂಕಕ್ಕೆ ನೆರವಾದ ಪಾಸುಗಳಲ್ಲಿಯೂ) ಬಿಲಪ್ಸ್ ತುಸು ಹಿಂದೆಯೇ ಇದ್ದರು. ಕಡಿಮೆ ಅಂಕ, ಕಡಿಮೆ ಅಸಿಸ್ಟ್ ಕೊಟ್ಟ ಆಟಗಾರ ತಂಡವನ್ನು ಮೇಲೆತ್ತುವುದು ಹೇಗೆ? ಚೆಂಡನ್ನು ಕಡಿಮೆ ಬಾರಿ ಕಳೆದುಕೊಂಡು, ತಂಡದ ಮುಖ್ಯ ಅಂಕ ಗಳಿಕೆಗಾರ ಕಾರ್ಮೆಲೊ ಆ್ಯಂಟನಿಗೆ ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಚೆಂಡು ತಲುಪುವಂತೆ ಮಾಡಿ, ಪಂದ್ಯದ ವೇಗವನ್ನು ತಾನೇ ನಿರ್ಧರಿಸಿ. ಪಾಯಿಂಟ್ ಗಾರ್ಡ್‌ನ ಕೆಲಸ ಇದೇ, ಮತ್ತು ಇದು ಅವನ ಹೆಸರಿನ ಮುಂದಿನ ಅಂಕಿಅಂಶಗಳಲ್ಲಿ ಪೂರ್ತಿಯಾಗಿ ದಾಖಲಾಗುವುದಿಲ್ಲ. 2009ರ ಪ್ಲೇಆಫ್‌ನಲ್ಲಿ ಡೆನ್ವರ್ ನ್ಯೂ ಆರ್ಲಿಯನ್ಸ್ ತಂಡವನ್ನು 4-1ರಿಂದ ಮಣಿಸಿತು, ಅದರಲ್ಲೊಂದು ಪಂದ್ಯವನ್ನು ಎದುರಾಳಿಯ ಅಂಗಳದಲ್ಲಿಯೇ 121-63ರಿಂದ ಗೆದ್ದಿತು. ಬಳಿಕ ಡಲ್ಲಾಸ್ ತಂಡವನ್ನೂ 4-1ರಿಂದ ಸೋಲಿಸಿ, ಆ ವರ್ಷದ ಚಾಂಪಿಯನ್ ಆದ ಲೇಕರ್ಸ್ ಎದುರು ಎರಡು ಪಂದ್ಯಗಳನ್ನು ಗೆದ್ದು ನಿರ್ಗಮಿಸಿತು. ಹಿಂದಿನ ವರ್ಷ ಇದೇ ಎದುರಾಳಿಯಿಂದ ಒಂದು ಪಂದ್ಯವನ್ನೂ ಕಿತ್ತುಕೊಳ್ಳಲಾಗದ ತಂಡ ಇದು ಎಂಬುದನ್ನು ಮರೆಯಬಾರದು.

ಇನ್ನು ಡೆಟ್ರಾಯಿಟ್. 59 ಗೆಲುವಿನಿಂದ 39ಕ್ಕೆ ಇಳಿದು, ಮೊದಲ ಸುತ್ತಿನಲ್ಲಿ ಕ್ಲೀವ್‌ಲ್ಯಾಂಡ್ ಎದುರು ನಾಲ್ಕೂ ಪಂದ್ಯಗಳನ್ನು ಸೋತ ಈ ತಂಡದ ಕುಸಿತವನ್ನು ಅನೇಕರು ಐವರ್ಸನ್ ಅವರ ತಲೆಗೇ ಕಟ್ಟುತ್ತಾರೆ. ನಮಗೆ ಇದು ಅನ್ಯಾಯವೆನಿಸುತ್ತದೆ. ಅಲ್ಲಿ ಪಾಯಿಂಟ್ ಗಾರ್ಡ್‌ನ ಹೊಣೆ ಬಹುಪಾಲು ಬಿದ್ದದ್ದು ಎರಡನೆಯ ವರ್ಷದ ರಾಡ್ನಿ ಸ್ಟಕಿ ಅವರ ಮೇಲೆ. ತರಬೇತುದಾರರೂ ಅದೇ ವರ್ಷ ಬದಲಾಗಿದ್ದರು, ಫ್ಲಿಪ್ ಸಾಂಡರ್ಸ್ ಅವರ ಜಾಗಕ್ಕೆ ಮೈಕಲ್ ಕರಿ ಬಂದಿದ್ದರು. ಐವರ್ಸನ್ ಬೆನ್ನುನೋವಿನಿಂದ ಬಳಲಿದರು, ಮೇಲಾಗಿ ಅವರ ಒಪ್ಪಂದ ಆ ಋತುವಿನ ಕೊನೆಗೆ ಮುಗಿಯುವುದಿತ್ತು. ಅಡುಗೆಯವರು ಬದಲಾದ ದಿನವೇ ಅಕ್ಕಿಯೂ ಬದಲಾದರೆ, ಊಟ ಕೆಟ್ಟದ್ದು ಯಾರಿಂದ ಎಂದು ತಟ್ಟೆ ನೋಡಿ ಹೇಳಲಾಗುವುದಿಲ್ಲ. ಬಿಲಪ್ಸ್ ಹೋದದ್ದು ಡೆಟ್ರಾಯಿಟ್‌ಗೆ ದೊಡ್ಡ ನಷ್ಟ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಕಳೆದುಹೋದ 20 ಗೆಲುವುಗಳನ್ನೂ ಒಬ್ಬರ ಲೆಕ್ಕಕ್ಕೆ ಬರೆಯುವ ಕೋಷ್ಟಕವನ್ನು ನಿಮ್ಮ ಕೈಗಿಡಲು ನಮಗೆ ಮನಸ್ಸಾಗುವುದಿಲ್ಲ.

ನ್ಯೂ ಜೆರ್ಸಿಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಚಂದಾದಾರರು 2001ರ ನೆಟ್ಸ್ ತಂಡವನ್ನು ನೆನಪಿಸುತ್ತಾರೆ. ಸ್ಟೀಫನ್ ಮಾರ್ಬರಿ ಅವರನ್ನು ಕೊಟ್ಟು ಫೀನಿಕ್ಸ್‌ನಿಂದ ಜೇಸನ್ ಕಿಡ್ ಅವರನ್ನು ತಂದ ತಂಡ 26 ಗೆಲುವಿನಿಂದ 52ಕ್ಕೆ ಏರಿ ನೇರವಾಗಿ ಫೈನಲ್‌ಗೆ ಹೋಯಿತು, ಫೀನಿಕ್ಸ್ 51ರಿಂದ 36ಕ್ಕೆ ಇಳಿಯಿತು. ಪಾಯಿಂಟ್ ಗಾರ್ಡ್ ಬದಲಾವಣೆಯಿಂದ ತಂಡದ ಹಣೆಬರಹವೇ ಬದಲಾದ ಪ್ರಕರಣಗಳಲ್ಲಿ ಇದನ್ನು ಮೀರಿದ್ದು ಸಿಗುವುದು ಕಷ್ಟ, ಮತ್ತು ಕಿಡ್ ಅವರ ಆಟದ ಬಗ್ಗೆ ನಮ್ಮ ಗೌರವ ನಿಮ್ಮದಕ್ಕಿಂತ ಕಡಿಮೆಯಿಲ್ಲ. ಆದರೆ ಹಿಂದಿನ ಋತುವನ್ನು ಇಡಿಯಾಗಿ ಗಾಯದಲ್ಲಿ ಕಳೆದಿದ್ದ ಕೆರಿ ಕಿಟಲ್ಸ್ ಅದೇ ವರ್ಷ ಮರಳಿದರು, ರಿಚರ್ಡ್ ಜೆಫರ್ಸನ್ ಹೊಸದಾಗಿ ಬಂದರು, ಕೆನ್ಯಾನ್ ಮಾರ್ಟಿನ್ ಎರಡನೆಯ ವರ್ಷಕ್ಕೆ ಕಾಲಿಟ್ಟಿದ್ದರು. ಕಿಡ್ ಜೊತೆ ಓಡಬಲ್ಲವರು ಇಷ್ಟು ಮಂದಿ ಇದ್ದದ್ದರಿಂದಲೇ ಅವರ ಪಾಸುಗಳಿಗೆ ಬೆಲೆ ಬಂತು.

2004ರ ಪ್ರಕರಣವಂತೂ ಹಳೆಯ ಕೋಷ್ಟಕದ ಮಿತಿಯನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಸ್ಟೀವ್ ನ್ಯಾಶ್ ಡಲ್ಲಾಸ್ ಬಿಟ್ಟು ಫೀನಿಕ್ಸ್ ಸೇರಿದಾಗ ಫೀನಿಕ್ಸ್ 29ರಿಂದ 62ಕ್ಕೆ ಜಿಗಿಯಿತು. ನ್ಯಾಶ್ ಅವರನ್ನು ಕಳೆದುಕೊಂಡ ಡಲ್ಲಾಸ್ ಕೂಡ 52ರಿಂದ 58ಕ್ಕೆ ಏರಿತು. ಅದೇ ಆಟಗಾರ ಬಂದದ್ದರಿಂದಲೂ ಸುಧಾರಣೆ, ಹೋದದ್ದರಿಂದಲೂ ಸುಧಾರಣೆ ಎಂದು ನಾವು ಮುದ್ರಿಸಿದ್ದರೆ ನೀವೇ ಸಂಚಿಕೆಯನ್ನು ವಾಪಸು ಕಳುಹಿಸುತ್ತಿದ್ದಿರಿ. ಡಲ್ಲಾಸ್‌ಗೆ ಆ ವರ್ಷ ಜೇಸನ್ ಟೆರಿ, ಎರಿಕ್ ಡ್ಯಾಂಪಿಯರ್, ಡೆವಿನ್ ಹ್ಯಾರಿಸ್ ಬಂದಿದ್ದರು ಎಂಬುದು ಗೊತ್ತಿದ್ದಾಗ ಮಾತ್ರ ಆ ಎರಡು ಸಂಖ್ಯೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. 2020-21ರಲ್ಲಿ ಕ್ರಿಸ್ ಪಾಲ್ ಬಂದಾಗ ಫೀನಿಕ್ಸ್ ಆಡಿದ್ದು 72 ಪಂದ್ಯಗಳನ್ನು, ಅದಕ್ಕೂ ಹಿಂದಿನ ಋತುವಿನಲ್ಲಿ 73ನ್ನು. ಅಲ್ಲಿ ಗೆಲುವಿನ ಸಂಖ್ಯೆಯನ್ನು 82 ಪಂದ್ಯಗಳ ಋತುವಿನ ಪಕ್ಕ ಇಡುವುದೇ ಸರಿಯಲ್ಲ.

ಹೊಸ ಬರಹದಲ್ಲಿ ನಾವು ತೀರ್ಪು ಕೊಡುವುದನ್ನು ನಿಲ್ಲಿಸುತ್ತಿಲ್ಲ. ತಂಡ ಸುಧಾರಿಸಿದ್ದರೆ ಸುಧಾರಿಸಿದೆ ಎಂದೇ ಬರೆಯುತ್ತೇವೆ. ಆದರೆ ಆಕ್ರಮಣದಲ್ಲಿಯೋ ರಕ್ಷಣೆಯಲ್ಲಿಯೋ, ಬಂದವನಿಂದಲೋ ಅವನ ಜೊತೆಗೆ ಬಂದ ಇತರರಿಂದಲೋ ಎಂಬುದನ್ನೂ ಹೇಳುತ್ತೇವೆ. ಮೊದಲ ಕೆಲವು ವಾರಗಳಲ್ಲಿ ಎದುರಾದ ತಂಡಗಳು ಬಲಹೀನವಾಗಿದ್ದರೆ ಅದನ್ನೂ ನಮೂದಿಸುತ್ತೇವೆ. ಗೆಲುವು ಸೋಲಿನ ಪಟ್ಟಿ ಬೇಕೇಬೇಕು ಎನ್ನುವವರಿಗಾಗಿ ಅದನ್ನು ಕೊನೆಯ ಪುಟದಲ್ಲಿ, ತೀರ್ಪಿನ ಮಾತಿಲ್ಲದೆ, ಮೊದಲಿನಂತೆಯೇ ಕೊಡುತ್ತೇವೆ.

ಈಗಾಗಲೇ ಚಂದಾ ಕಟ್ಟಿರುವವರು ಅವಧಿ ಮುಗಿಯುವವರೆಗೆ ಹೆಚ್ಚುವರಿ ಹಣ ಕೊಡಬೇಕಾಗಿಲ್ಲ. ಈ ಬದಲಾವಣೆ ಬೇಡವೆನಿಸಿದವರು ಒಂದು ಸಾಲು ಬರೆದು ತಿಳಿಸಿದರೆ ಉಳಿದ ತಿಂಗಳುಗಳ ಹಣವನ್ನು ಹಿಂದಿರುಗಿಸುತ್ತೇವೆ, ಕಾರಣ ಕೇಳುವುದಿಲ್ಲ. ನಿಮ್ಮ ಮೆಚ್ಚಿನ ತಂಡದ ಪಾಯಿಂಟ್ ಗಾರ್ಡ್ ಬದಲಾಗಿ, ಅರ್ಧ ಋತುವಿನವರೆಗೆ ಕಾಯುವ ತಾಳ್ಮೆ ನಿಮಗಿಲ್ಲದಿದ್ದರೆ, ತಂಡದ ಹೆಸರು ಬರೆದು ಕಳುಹಿಸಿ; ಅಲ್ಲಿಯವರೆಗೆ ನಮ್ಮಲ್ಲಿರುವ ಲೆಕ್ಕವನ್ನು ಬಳಗದ ಸದಸ್ಯರೊಬ್ಬರು ನಿಮಗೆ ಖುದ್ದಾಗಿ ಬರೆದು ತಿಳಿಸುತ್ತಾರೆ. ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಸಂಪಾದಕ ಬಳಗದ ಪರವಾಗಿ