ಚಹಾ ಗಾಡಿ ಕಂಡಿತು, ಕಾಫಿ ಮೇಜು ಕಾಣಲಿಲ್ಲವೇ?

ಮಾನ್ಯ ಸಂಪಾದಕರೇ,

ಚಹಾ ಕುಡಿಯುವ ದೇಶ ಕಾಫಿಯತ್ತ ಹೊರಳುತ್ತಿದೆ ಎಂದು ಭಾನುವಾರದ ಸಂಚಿಕೆಯಲ್ಲಿ ನಮ್ಮ ಆಸ್ಪತ್ರೆ ರಸ್ತೆಯ ಬಗ್ಗೆ ಅರ್ಧ ಪುಟ ಬರೆದಿದ್ದೀರಿ. ಒಂದೇ ವರ್ಷದಲ್ಲಿ ನಾಲ್ಕು ಕೆಫೆಗಳು ಬಂದವು, ರಸ್ತೆಗೆ ಕಳೆ ಬಂತು ಎಂದೆಲ್ಲ ಇದೆ. ಮೂರು ದಿನ ತಡೆದು ಬರೆದಿದ್ದರೆ ಉಳಿದರ್ಧ ಪುಟಕ್ಕೂ ಸುದ್ದಿ ಸಿಗುತ್ತಿತ್ತು. ಬುಧವಾರ ಬೆಳಿಗ್ಗೆ ಬೇವಿನ ಮರದ ಕೆಳಗಿನ ಚಹಾ ಗಾಡಿಯನ್ನು ಪಾಲಿಕೆಯವರು ಲಾರಿಗೆ ಎತ್ತಿ ಹಾಕಿಕೊಂಡು ಹೋದರು.

ನನ್ನ ತಾಯಿ ಒಂಬತ್ತು ದಿನಗಳಿಂದ ಎದುರಿನ ಆಸ್ಪತ್ರೆಯಲ್ಲಿದ್ದಾರೆ. ರಾತ್ರಿಯಿಡೀ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತವರಿಗೆ ಬೆಳಗಿನ ಐದಕ್ಕೆ ಆ ಗಾಡಿಯ ಸ್ಟೋವ್ ಸದ್ದು ಕೇಳಿದರೆ ಹೋದ ಜೀವ ಬಂದಂತಾಗುತ್ತಿತ್ತು. ಗಾಡಿಯ ಅಕ್ಕ ಶುಂಠಿಯನ್ನು ಅಲ್ಲೇ ಕಲ್ಲಿನ ಮೇಲೆ ಜಜ್ಜಿ ಕುದಿಯುವ ಹಾಲಿಗೆ ಹಾಕುತ್ತಿದ್ದರು. ಸೋಸುವ ಬಟ್ಟೆಯನ್ನು ಎರಡು ಸಲ ಹಿಂಡಿ, ಫ್ಲಾಸ್ಕಿನ ಬಾಯಿ ಒರೆಸಿ ಕೊಡುತ್ತಿದ್ದರು. ಲೋಟಕ್ಕೆ ಹತ್ತು ರೂಪಾಯಿ. ಚಿಲ್ಲರೆ ಇಲ್ಲವೆಂದರೆ ‘ನಾಳೆ ಕೊಡಿ’ ಎನ್ನುವರು. ರೋಗಿಗೆ ಬಿಸಿನೀರು ಬೇಕೆಂದರೆ ಒಂದು ದಿನವೂ ದುಡ್ಡು ಮುಟ್ಟಿದವರಲ್ಲ.

ಅವತ್ತು ಫ್ಲಾಸ್ಕ್ ಹಿಡಿದು ಹೋದೆ. ಗಾಡಿ ಇರಲಿಲ್ಲ. ನೆಲದಲ್ಲಿ ಚೆಲ್ಲಿದ ಹಾಲು, ಒಡೆದ ಎರಡು ಗಾಜಿನ ಲೋಟ. ಅಕ್ಕ ಮರದ ಬುಡದಲ್ಲಿ ಸೋಸುವ ಬಟ್ಟೆಯೊಂದನ್ನೇ ಕೈಯಲ್ಲಿ ಹಿಡಿದು ಕುಳಿತಿದ್ದರು. ಪಾದಚಾರಿಗಳಿಗೆ ಅಡ್ಡಿಯಾಗುತ್ತದೆ ಎಂದರಂತೆ. ಅಲ್ಲಿಂದ ಇಪ್ಪತ್ತು ಹೆಜ್ಜೆಗೆ ಹೊಸ ಕೆಫೆ. ಅದರ ಆರು ಕಬ್ಬಿಣದ ಮೇಜು, ಹೂಕುಂಡಗಳ ಸಾಲು, ಆಳೆತ್ತರದ ಫಲಕ ಎಲ್ಲವೂ ಪಾದಚಾರಿ ಮಾರ್ಗದ ಮೇಲೆಯೇ ಇವೆ. ಮೇಜುಗಳಿಗೆ ಸರಪಳಿ ಹಾಕಿ ಬೀಗ ಜಡಿದಿದ್ದಾರೆ. ಸೋಮವಾರ ತಾಯಿಯನ್ನು ಗಾಲಿಕುರ್ಚಿಯಲ್ಲಿ ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಆ ಮೇಜುಗಳಿಂದಾಗಿಯೇ ನಾನು ಬಸ್ಸುಗಳ ನಡುವೆ ರಸ್ತೆಗಿಳಿಯಬೇಕಾಯಿತು. ಚಹಾ ಗಾಡಿಯಿಂದ ಅಲ್ಲ. ಪಾಲಿಕೆಯ ಲಾರಿ ಆ ಮೇಜುಗಳನ್ನು ಸವರಿಕೊಂಡೇ ಹೋಯಿತಲ್ಲ, ಒಳಗಿದ್ದವರ ಕಣ್ಣಿಗೆ ಏನು ಕಟ್ಟಿತ್ತು?

ಕೆಫೆ ಬಾಗಿಲು ತೆರೆಯುವುದು ಹನ್ನೊಂದಕ್ಕೆ. ಬೇರೆ ದಾರಿಯಿಲ್ಲದೆ ಕಾದು ಒಳಗೆ ಹೋದೆ. ಚಹಾ ಇಲ್ಲ ಎಂದರು. ದರಪಟ್ಟಿ ನೋಡಲು ಮೊಬೈಲಿನಲ್ಲಿ ಚೌಕ ಚಿತ್ರ ಸ್ಕ್ಯಾನ್ ಮಾಡಬೇಕಂತೆ. ಅದರಲ್ಲಿ ಒಂದಕ್ಷರ ಕನ್ನಡವಿಲ್ಲ. ಬಿಲ್ಲಿಗೆ ನನ್ನ ಫೋನ್ ನಂಬರ್ ಏಕೆ ಬೇಕು ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಫ್ಲಾಸ್ಕಿಗೆ ಹಾಕಿಕೊಡುವುದಿಲ್ಲ ಎಂದರು. ಇಪ್ಪತ್ತು ನಿಮಿಷ ನಿಲ್ಲಿಸಿ ಒಂದು ಕಾಗದದ ಲೋಟ ಕೊಟ್ಟು 220 ರೂಪಾಯಿ ತೆಗೆದುಕೊಂಡರು, ಮೇಲೆ ಸೇವಾ ಶುಲ್ಕ ಬೇರೆ. ಗ್ರಾಹಕರನ್ನು ಕೇಳದೆ ಸೇವಾ ಶುಲ್ಕ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಹಾಗೆಂದು ಹೇಳಿದರೆ ಬಿಲ್ಲು ಹಾಕುವ ಹುಡುಗ ‘ಕಂಪ್ಯೂಟರೇ ಹಾಕುತ್ತದೆ ಸರ್’ ಎಂದ. ಹೊರಗೆ ಬಂದರೆ ನನ್ನ ಸ್ಕೂಟರಿಗೆ ದಂಡ! ಕೆಫೆ ಗಿರಾಕಿಗಳ ಹದಿನಾಲ್ಕು ಬೈಕುಗಳು ಪಾದಚಾರಿ ಮಾರ್ಗದಲ್ಲೇ ಸಾಲಾಗಿ ನಿಂತಿದ್ದವು, ಅವನ್ನು ಯಾರೂ ಮುಟ್ಟಿರಲಿಲ್ಲ. ಲಿಫ್ಟ್ ಕೆಟ್ಟ ಆಸ್ಪತ್ರೆಯಲ್ಲಿ ಮೂರು ಮಹಡಿ ಹತ್ತುವಷ್ಟರಲ್ಲಿ ಕಾಫಿ ಆರಿತ್ತು. ತಾಯಿ ಒಂದು ಗುಟುಕು ಕುಡಿದು ‘ಚಹಾ ಸಿಗಲಿಲ್ಲವೇನಪ್ಪಾ’ ಎಂದು ಮುಖ ತಿರುಗಿಸಿದರು.

ನಾನು ಕಾಫಿಯ ವಿರೋಧಿಯಲ್ಲ. ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಬೆಳೆಯುವುದೇ ಕರ್ನಾಟಕ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದ ಕಥೆ ಕೇಳಿಯೇ ಬೆಳೆದವನು ನಾನು. ಬೆಳೆದ ಚಹಾದಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಈ ದೇಶ ತಾನೇ ಕುಡಿಯುತ್ತದೆ, ಕಾಫಿಯ ಹೆಚ್ಚಿನ ಪಾಲು ಮಾತ್ರ ಹಡಗು ಹತ್ತುತ್ತದೆ. ಆದ್ದರಿಂದ ಇಲ್ಲೂ ನಾಲ್ಕು ಜನ ಹೆಚ್ಚು ಕಾಫಿ ಕುಡಿದರೆ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಒಳ್ಳೆಯದೇ. ಚಹಾ ಸಹ ಹೀಗೇ ಬಂದದ್ದು. ನೂರು ವರ್ಷಗಳ ಹಿಂದೆ ತೋಟದ ಕಂಪನಿಗಳು ರೈಲು ನಿಲ್ದಾಣಗಳಲ್ಲಿ ಜನರನ್ನು ಕರೆ ಕರೆದು ಕುಡಿಸಿ ರುಚಿ ಹಿಡಿಸಿದವು. ಹಾಗೆಯೇ 1930ರ ದಶಕದಲ್ಲಿ ಕಾಫಿಗೆಂದು ಇಂಡಿಯಾ ಕಾಫಿ ಹೌಸ್‌ಗಳು ಹುಟ್ಟಿದವು. ಎರಡು ದಶಕ ಕಳೆದು ಕಾಫಿ ಮಂಡಳಿ ಅವನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಉಳಿಸಿದರು. ಅಲ್ಲಿ ಒಂದು ಲೋಟ ಕಾಫಿಗೆ ಅರ್ಧ ದಿನ ಕುಳಿತರೂ ಏಳಿ ಎಂದವರಿಲ್ಲ. ಯಾರ ಒಲೆಯನ್ನೂ ಆರಿಸದೆಯೇ ಅವು ಬೆಳೆದವಲ್ಲ!

ಕಾನೂನು ಇಲ್ಲವೆಂದಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಎಬ್ಬಿಸುವ ಮೊದಲು 30 ದಿನಗಳ ನೋಟಿಸ್ ಕೊಡಬೇಕು. ವಶಪಡಿಸಿಕೊಂಡ ಸಾಮಾನಿಗೆ ಪಟ್ಟಿ ಕೊಡಬೇಕು. ಕೇಳಿಕೊಂಡು ಬಂದವರಿಗೆ ಕೆಡುವ ವಸ್ತುಗಳನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಮರಳಿಸಬೇಕು. ಅಕ್ಕನ ಬಳಿ ಪಾಲಿಕೆಯೇ ಕೊಟ್ಟ ವ್ಯಾಪಾರಿ ಗುರುತಿನ ಚೀಟಿ ಇದೆ, ಪ್ಲಾಸ್ಟಿಕ್ ಹೊದಿಸಿ ಇಟ್ಟುಕೊಂಡಿದ್ದಾರೆ. ಅದನ್ನು ತೋರಿಸಿದರೆ ‘ಆಫೀಸಿಗೆ ಬಾ’ ಎಂದರಂತೆ.

ಆ ಆಫೀಸು ನನಗೆ ಚೆನ್ನಾಗಿ ಗೊತ್ತು. ತಂದೆಯ ಮರಣ ಪತ್ರದಲ್ಲಿ ಒಂದು ಅಕ್ಷರ ತಿದ್ದಿಸಲು ಎಂಟು ಸಲ ಅಲೆದಿದ್ದೇನೆ. ಒಮ್ಮೆ ಸಾಹೇಬರು ಸಭೆಯಲ್ಲಿ, ಒಮ್ಮೆ ಸರ್ವರ್ ಇಲ್ಲ, ಒಮ್ಮೆ ಊಟದ ಸಮಯ. ಇದೇ ರಸ್ತೆಯನ್ನು ಪೈಪಿಗೆಂದು ಅಗೆದು ಮಣ್ಣೆಳೆದು ಹೋಗಿ ಎರಡು ಮಳೆಗಾಲ ಕಳೆಯಿತು. ಆಸ್ಪತ್ರೆ ಗೇಟಿನೆದುರಿನ ಬೀದಿದೀಪ ಉರಿಯುವುದಿಲ್ಲ ಎಂದು ಕಳೆದ ವರ್ಷ ನಿಮ್ಮ ಇದೇ ಅಂಕಣಕ್ಕೆ ಬರೆದಿದ್ದೆ. ಇಂದಿಗೂ ಉರಿದಿಲ್ಲ. ಅದಕ್ಕೆಲ್ಲ ಆಳಿಲ್ಲ, ವಾಹನವಿಲ್ಲ. ಒಬ್ಬ ಹೆಂಗಸಿನ ಸ್ಟೋವ್ ಎತ್ತಲು ಬೆಳಗಿನ ಆರಕ್ಕೇ ಲಾರಿ, ಏಳು ಜನ!

ಗಾಡಿಯನ್ನು ತಕ್ಷಣ ಮರಳಿಸಬೇಕು, ಒಡೆದ ಲೋಟ ಮತ್ತು ಚೆಲ್ಲಿದ ಹಾಲಿನ ದುಡ್ಡಿನ ಸಮೇತ. ಆ ಮೇಜುಗಳನ್ನೂ ತೆಗೆಸಬೇಕು. ಅದು ಆಗದಿದ್ದರೆ ಆಸ್ಪತ್ರೆಯೆದುರು ಬೆಳಗಿನ ಐದಕ್ಕೆ ಚಹಾ ಸಿಗುವ ವ್ಯವಸ್ಥೆಯನ್ನು ಪಾಲಿಕೆಯೇ ಮಾಡಲಿ. ಸಂಬಂಧಪಟ್ಟ ಅಧಿಕಾರಿಗಳು ಒಂದು ರಾತ್ರಿ ಆ ವಾರ್ಡಿನ ಬೆಂಚಿನ ಮೇಲೆ ಮಲಗಿ ಎದ್ದು ಬರಲಿ. ನಾಚಿಕೆಯಾಗಬೇಕು ಇವರಿಗೆ.

– ರೋಗಿಯ ಮಗ, ಆಸ್ಪತ್ರೆ ರಸ್ತೆ