ಗೋಡೆಗೆ ಹಾಕೋ ಮೊದಲು ಮೇಲಿನ ಮೂಲೆ ನೋಡು

ಪ್ರೀತಿಯ ಪುಟ್ಟಿ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ನೋಡಿದೆ. ಲಂಡನ್ನಿನಿಂದ ಜೋಪಾನವಾಗಿ ತಂದ, ಹದಿನೆಂಟನೇ ಶತಮಾನದ ಸರ್ಜನ್ ಜಾನ್ ಹಂಟರ್‌ನ ಚಿತ್ರದ ಪ್ರಿಂಟು, ಅದಕ್ಕೊಂದು ಕರಿ ಫ್ರೇಮು. ಹೊಸ ಕ್ಲಿನಿಕ್ಕಿನಲ್ಲಿ ನಿನ್ನ ಕುರ್ಚಿಯ ಹಿಂದಿನ ಗೋಡೆಗೆ ಹಾಕ್ತೀನಿ ಅಂತ ಬರೆದಿದ್ದೀಯ. ಹಾಕು, ಚೆನ್ನಾಗಿದೆ. ಆದರೆ ಇಷ್ಟು ವರ್ಷ ಅನಾಟಮಿ ಪಾಠ ಮಾಡಿದ ದೊಡ್ಡಪ್ಪ ಇಂಥ ಚಿತ್ರ ನೋಡಿ ಸುಮ್ನೆ ಇರೋದಿಲ್ಲ ಅಂತ ನಿನಗೆ ಗೊತ್ತೇ ಇದೆ ಅಲ್ವಾ.

ಮೊದಲು ಕಾಗದದ ವಿಷಯ. ಮೂಲ ಚಿತ್ರ ಜೋಶುವಾ ರೆನಾಲ್ಡ್ಸ್‌ನದು, 1786ರಲ್ಲಿ ಪ್ರದರ್ಶನಕ್ಕೆ ಬಂತು. ಅದನ್ನು ವಿಲಿಯಂ ಶಾರ್ಪ್ ಅನ್ನುವವನು ತಾಮ್ರದ ತಗಡಿನ ಮೇಲೆ ಒಂದೊಂದೇ ಗೆರೆಯಾಗಿ ಕೆತ್ತಿ 1788ರಲ್ಲಿ ಅಚ್ಚು ಹಾಕಿದ. ರೆನಾಲ್ಡ್ಸ್ ಬಳಸಿದ ಬಣ್ಣ ಕಾಲ ಕಳೆದಂತೆ ಕಪ್ಪಾಗಿ ಹೋಯಿತು. ಹಾಗಾಗಿ ಕೆಲವು ವಿವರಗಳು ಅಸಲಿಗಿಂತ ಅಚ್ಚಿನಲ್ಲೇ ಚೆನ್ನಾಗಿ ಕಾಣುತ್ತವೆ. ನಿನ್ನದು ಹಳೇದೋ ಆಮೇಲಿನ ನಕಲೋ ನೋಡೋಕೆ ಭೂತಗನ್ನಡಿ ಹಿಡಿ. ಕೆತ್ತಿದ್ದಾದರೆ ಗೆರೆ ಕಾಣಬೇಕು, ಸಾಲು ಸಾಲು ಸಣ್ಣ ಚುಕ್ಕಿ ಕಂಡರೆ ಅದು ಆಮೇಲಿನ ಪ್ರೆಸ್ಸಿನ ಕೆಲಸ. ನಕಲಾದರೂ ಬೇಜಾರು ಮಾಡ್ಕೋಬೇಡ, ನಾನು ಹೇಳೋ ವಿಷಯ ಅದರಲ್ಲೂ ಕಾಣುತ್ತೆ. ಹಿಂದೆ ಪ್ಲೈವುಡ್ ಬಡಿದಿದ್ದರೆ ತೆಗೆಸಿ ಆಸಿಡ್ ಇಲ್ಲದ ಬೋರ್ಡು ಹಾಕಿಸು. ಕಾಗದ ಗಾಜಿಗೆ ತಾಗಬಾರದು, ನಮ್ಮ ಕಡೆ ಮಳೆಗಾಲದಲ್ಲಿ ಅಂಟಿಕೊಂಡು ಬೂಷ್ಟು ಹಿಡಿಯುತ್ತೆ. ಲ್ಯಾಮಿನೇಷನ್ ಮಾತ್ರ ಯಾರು ಹೇಳಿದರೂ ಮಾಡಿಸಬೇಡ.

ಈಗ ಚಿತ್ರದ ಮೇಲಿನ ಮೂಲೆ ನೋಡು. ಎಲ್ಲರೂ ಹಂಟರ್‌ನ ಮುಖ, ಗಡ್ಡ, ಕೈಯಲ್ಲಿರೋ ಲೇಖನಿ ನೋಡಿ ಮುಂದೆ ಹೋಗ್ತಾರೆ. ಮೂಲೆಯಲ್ಲಿ ಎರಡು ಪಾದದ ಮೂಳೆಗಳು ನೇತಾಡ್ತಿವೆ, ಉಳಿದ ಅಸ್ಥಿಪಂಜರ ಚಿತ್ರದ ಆಚೆ ಹೋಗಿದೆ. ಅವು ಚಾರ್ಲ್ಸ್ ಬರ್ನ್ ಅನ್ನೋ ಐರ್ಲೆಂಡಿನ ಹುಡುಗನವು. ಏಳೂವರೆ ಅಡಿಗಿಂತ ಜಾಸ್ತಿ ಎತ್ತರ, ಲಂಡನ್ನಿನಲ್ಲಿ ಜನ ದುಡ್ಡು ಕೊಟ್ಟು ಅವನನ್ನು ನೋಡೋಕೆ ಬರುತ್ತಿದ್ದರು. 1783ರಲ್ಲಿ ತೀರಿಕೊಂಡಾಗ ಬರೀ 22 ವರ್ಷ. ತನ್ನ ಹೆಣಕ್ಕೆ ಡಾಕ್ಟರುಗಳು ಕಾಯ್ತಿದ್ದಾರೆ ಅಂತ ಗೊತ್ತಿದ್ದರಿಂದಲೇ, ಸತ್ತ ಮೇಲೆ ಸಮುದ್ರಕ್ಕೆ ಹಾಕಿಬಿಡಿ ಅಂತ ಸ್ನೇಹಿತರಿಗೆ ಹೇಳಿದ್ದ. ಹಂಟರ್ ದುಡ್ಡು ಕೊಟ್ಟು ಹೆಣ ತರಿಸಿಕೊಂಡ, ಕುದಿಸಿ ಮೂಳೆ ಬಿಡಿಸಿದ, ಆಮೇಲೆ ಅದರ ಪಕ್ಕ ಕೂತು ಚಿತ್ರ ಬರೆಸಿಕೊಂಡ.

ಹಂಟರ್ ಸಣ್ಣವನಲ್ಲ. ಸಿಡುಬಿಗೆ ಲಸಿಕೆ ತಂದ ಜೆನ್ನರ್ ಅವನ ಶಿಷ್ಯ. ಸುಮ್ನೆ ಯೋಚನೆ ಯಾಕೆ, ಪ್ರಯೋಗ ಮಾಡಿ ನೋಡಬಾರದಾ ಅಂತ 1775ರಲ್ಲಿ ಅವನಿಗೆ ಬರೆದದ್ದು ಈ ಹಂಟರೇ. ಬರ್ನ್‌ನ ಮೂಳೆಯಿಂದಲೂ ಉಪಯೋಗ ಆಗಿದೆ. 1909ರಲ್ಲಿ ಅಮೆರಿಕದ ಮೆದುಳಿನ ಸರ್ಜನ್ ಹಾರ್ವಿ ಕುಶಿಂಗ್ ತಲೆಬುರುಡೆ ನೋಡಿ, ಬೆಳವಣಿಗೆಯ ಹಾರ್ಮೋನು ಬಿಡೋ ಪಿಟ್ಯುಟರಿ ಗ್ರಂಥಿಯ ಜಾಗ ದೊಡ್ಡದಾಗಿರೋದು ಕಂಡುಹಿಡಿದ, 2011ರಲ್ಲಿ ಹಲ್ಲಿನ ಡಿಎನ್‌ಎಯಿಂದ ಅಷ್ಟು ಎತ್ತರಕ್ಕೆ ಕಾರಣವಾದ ಜೀನೂ ಸಿಕ್ಕಿತು. ಇಷ್ಟೆಲ್ಲ ಆದರೂ ಬರ್ನ್ ಬೇಡ ಅಂದದ್ದು ಬೇಡ ಅಂತಲೇ ಉಳಿಯಿತು. 2023ರಲ್ಲಿ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂ ಮತ್ತೆ ಬಾಗಿಲು ತೆರೆದಾಗ ಆ ಅಸ್ಥಿಪಂಜರವನ್ನು ಪ್ರದರ್ಶನಕ್ಕೆ ಇಡಲಿಲ್ಲ. ಪಾದ ಚಿತ್ರದಲ್ಲಿ ಮಾತ್ರ ಕಾಣುತ್ತೆ.

ಇದು ಹಳೇ ಕಥೆ, ಬೇರೆ ದೇಶದ್ದು ಅಂತ ಬಿಡಬೇಡ. ನಮ್ಮ ಡಿಸೆಕ್ಷನ್ ಹಾಲಿಗೆ ಬರುತ್ತಿದ್ದದ್ದು ಜಾಸ್ತಿ ವಾರಸುದಾರರಿಲ್ಲದ ಹೆಣಗಳೇ, ದೇಹದಾನ ಬಂದದ್ದು ಆಮೇಲೆ. ಕಾನೂನು ಒಪ್ಪಿದೆ ಅಂದರೆ ಆ ಮನುಷ್ಯ ಒಪ್ಪಿದ ಅಂತ ಅಲ್ಲ. ಈಗ ಹೆಣದ ಬದಲು ಫೋಟೋ ಬಂದಿದೆ, ಅಷ್ಟೇ. ಆವತ್ತು ನೀನು ಖುಷಿಯಿಂದ ಕಳಿಸಿದ, ನಿನ್ನ ರೋಗಿಯ ಗಡ್ಡೆಯ ಫೋಟೋ ನೆನಪಿದೆಯಾ? ಅದರಲ್ಲಿ ಆ ಹೆಂಗಸಿನ ಕೈ ಮೇಲಿನ ಹಚ್ಚೆ ಕಾಣುತ್ತಿತ್ತು, ಗಂಡನ ಹೆಸರು ಓದೋ ಹಾಗೆ. ಆಕೆಯನ್ನು ಕೇಳಿದ್ದೆಯಾ? ಕೇಳೋದು ಅಂದರೆ ಸಹಿ ಹಾಕಿಸೋ ಫಾರಮ್ಮಿನ ಕೊನೇ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸೋದಲ್ಲ. ಅನಸ್ತೇಷಿಯಾ ಕೊಡೋ ಮೊದಲೇ, ಪಕ್ಕದಲ್ಲಿ ಕೂತು, ಅವರ ಮಾತಿನಲ್ಲಿ, ಈ ಫೋಟೋ ತೆಗೀತೀನಿ, ಇಂಥವರಿಗೆ ತೋರಿಸ್ತೀನಿ, ಬೇಡ ಅಂದರೆ ಆಪರೇಷನ್ನಿಗೆ ಏನೂ ತೊಂದರೆ ಇಲ್ಲ ಅಂತ ಹೇಳಿ ಕೇಳೋದು. ಬೇಡ ಅಂದರೆ ಮುಖ ಸಿಂಡರಿಸಬೇಡ.

ಪ್ರಿಂಟು ನಿನ್ನ ಬೆನ್ನ ಹಿಂದೆ ಹಾಕಿದರೆ ಆ ಪಾದ ರೋಗಿಗಳಿಗೆ ಕಾಣುತ್ತೆ, ನಿನಗಲ್ಲ. ಎದುರಿನ ಗೋಡೆಗೆ ಹಾಕು, ಕಿಟಕಿಯ ಬಿಸಿಲೂ ಅಲ್ಲಿಗೆ ಬೀಳೋದಿಲ್ಲ. ಹಚ್ಚೆಯ ಫೋಟೋ ನನ್ನ ಫೋನಿನಿಂದ ಅಳಿಸಿದ್ದೇನೆ. ನೀನೂ ಅಳಿಸು, ಡಾಕ್ಟರುಗಳ ಗ್ರೂಪಿಗೆ ಹಾಕಿದ್ದರೆ ಅಲ್ಲಿಂದಲೂ ತೆಗಿ.

ಇತಿ,
ನಿನ್ನ ದೊಡ್ಡಪ್ಪ