ಎದೆ ಡವಡವ ಅಂದರೆ ಮನೆಯ ಕಷ್ಟವನ್ನೂ ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಡಾಕ್ಟರ ಹತ್ತಿರ ಹೋದರೆ ಹೇಳುವುದು ಹೆಚ್ಚುಕಮ್ಮಿ ಒಂದೇ ಥರ. ತಲೆನೋವು, ಎದೆ ಡವಡವ, ಹೊಟ್ಟೆ ಉರಿ, ಕೈಕಾಲು ಸೆಳೆತ, ರಾತ್ರಿ ನಿದ್ದೆ ಇಲ್ಲ. ಒಂದು ಇಂಜೆಕ್ಷನ್, ನಾಲ್ಕು ಮಾತ್ರೆ, ಸುಸ್ತು ಜಾಸ್ತಿ ಅಂದರೆ ಒಂದು ಬಾಟಲಿ ಗ್ಲೂಕೋಸ್. ಎರಡು ದಿನ ಪರವಾಗಿಲ್ಲ ಅನ್ನಿಸುತ್ತದೆ, ಆಮೇಲೆ ಮತ್ತೆ ಅದೇ. ನಾನು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ಹಾಗಾಗಿ ಯಾರ ಮನೆಯಲ್ಲಿ ಯಾವ ವಾರ ಕಂತು ಕಟ್ಟಬೇಕು ಅಂತ ನನಗೆ ಗೊತ್ತಿರುತ್ತದೆ, ಯಾರಿಗೆ ಯಾವ ವಾರ ಎದೆ ಡವಡವ ಶುರುವಾಗುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಎರಡೂ ಒಟ್ಟಿಗೇ ಬರುತ್ತವೆ.

"ಅದೆಲ್ಲ ನಿನ್ನ ಭ್ರಮೆ, ಸುಮ್ನೆ ಇರು" ಅಂತ ಬಾಯಿ ಮುಚ್ಚಿಸುವವರು ಮನೆಯಲ್ಲೂ ಇದ್ದಾರೆ, ಆಸ್ಪತ್ರೆಯಲ್ಲೂ ಇದ್ದಾರೆ. ಭ್ರಮೆ ಖಂಡಿತ ಅಲ್ಲ. ಹೆದರಿಕೆ ಅಥವಾ ಸಿಟ್ಟು ಬಂದಾಗ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ, ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಹೊಲದಲ್ಲಿ ಹಾವು ಕಂಡಾಗ ಓಡಿಹೋಗಲು ಇದೆಲ್ಲ ಬೇಕು. ಹಾವು ಹೋದ ಮೇಲೆ ಮೈ ತಾನಾಗಿಯೇ ಮೊದಲಿನಂತಾಗುತ್ತದೆ. ಆದರೆ ಸಾಲದ ಕಂತು ವಾರ ವಾರ ಬಾಗಿಲಿಗೆ ಬರುತ್ತದೆ, ಬೋರ್‌ವೆಲ್ ಬತ್ತಿದ ಚಿಂತೆ ಮಲಗಿದಾಗಲೂ ಬಿಡುವುದಿಲ್ಲ, ಹಾಗಾಗಿ ಮೈಗೆ ತಣ್ಣಗಾಗುವ ಹೊತ್ತೇ ಸಿಗದೆ ಬಿಪಿ, ಶುಗರ್ ಹತೋಟಿ ತಪ್ಪುತ್ತವೆ, ಮಾತ್ರೆ ನುಂಗಿದರೂ ಇಳಿಯುವುದಿಲ್ಲ.

ಗಂಡಸರದ್ದೂ ಇದೇ ಕಥೆ, ಅವರು ಹೇಳಿಕೊಳ್ಳುವುದಿಲ್ಲ ಅಷ್ಟೇ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ಕಾಲದಲ್ಲಿ ಕೊಯ್ದ ಕೂಲಿಯೂ ಗಿಟ್ಟದೆ ಹಣ್ಣನ್ನು ರಸ್ತೆ ಬದಿ ಸುರಿದು ಬಂದವರನ್ನು ನಾವೆಲ್ಲ ನೋಡಿದ್ದೇವೆ. ಆ ರಾತ್ರಿ ಆ ಮನುಷ್ಯನಿಗೆ ಊಟ ಸೇರುತ್ತಾ, ನಿದ್ದೆ ಬರುತ್ತಾ, ಅವನು ಎಲ್ಲಿಗೆ ಹೋಗುತ್ತಾನೆ? ಹೆಂಡದಂಗಡಿಗೆ ಹೋದರೆ ಊರೆಲ್ಲ ಬೈಯುತ್ತದೆ, ಯಾಕೆ ಹೋದ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ದೊಡ್ಡ ವಿಜ್ಞಾನಿಗಳು ಇದನ್ನು ಅಳೆದೂ ನೋಡಿದ್ದಾರೆ. 1995ರಲ್ಲಿ ಅಮೆರಿಕದ ಒಹಾಯೋದಲ್ಲಿ, ಮರೆವಿನ ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದ ಹೆಂಗಸರ ತೋಳಿನಲ್ಲಿ ಒಂದು ಸಣ್ಣ ಗಾಯ ಮಾಡಿ, ಅದು ಮಾಯಲು ಎಷ್ಟು ದಿನ ಬೇಕು ಅಂತ ನೋಡಿದರು. ಅಂಥ ಭಾರ ಇಲ್ಲದವರಿಗಿಂತ ಇವರಿಗೆ ಸುಮಾರು 9 ದಿನ ಜಾಸ್ತಿ ಬೇಕಾಯಿತು. ನಮ್ಮೂರಲ್ಲಿ ಹಾಸಿಗೆ ಹಿಡಿದ ಅತ್ತೆ ಮಾವಂದಿರನ್ನು ಒಬ್ಬಳೇ ನೋಡಿಕೊಳ್ಳುವ ಸೊಸೆಯರು ಎಷ್ಟು ಜನ ಇಲ್ಲ! ತೀರಾ ಹತ್ತಿರದವರು ಹೋದ ದುಃಖಕ್ಕೆ ಹೃದಯದ ಒಂದು ಭಾಗ ಉಬ್ಬಿ, ಹಾರ್ಟ್ ಅಟ್ಯಾಕ್ ಥರವೇ ಆಗುವ ತೊಂದರೆಯನ್ನು 1990ರಲ್ಲಿ ಜಪಾನಿನ ಡಾಕ್ಟರುಗಳು ಗುರುತಿಸಿದರು. ಮುಟ್ಟು ನಿಂತ ಹೆಂಗಸರಲ್ಲೇ ಅದು ಹೆಚ್ಚು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಈಗ ಮೊಬೈಲ್ ತೆಗೆದರೆ ಸಾಕು, "ಒಳ್ಳೆಯದನ್ನೇ ಯೋಚಿಸಿ, ಯಾವ ಕಾಯಿಲೆಯೂ ಬರಲ್ಲ" ಅನ್ನುವ ಉಪದೇಶ. ಇದು ತಪ್ಪು ಮಾತ್ರ ಅಲ್ಲ, ಕ್ರೂರ ಕೂಡ. ಕ್ಯಾನ್ಸರ್ ಬಂದ ಹೆಣ್ಣುಮಗಳಿಗೆ "ನಿನ್ನ ಯೋಚನೆಯೇ ಸರಿ ಇರಲಿಲ್ಲ" ಅಂದರೆ ಅವಳಿಗೆ ಹೇಗಾಗಬೇಡ? ಹೊಟ್ಟೆ ಹುಣ್ಣಿಗೆ ಬರೀ ಚಿಂತೆ, ಖಾರ ಕಾರಣ ಅಂತ ಬಹಳ ಕಾಲ ಡಾಕ್ಟರುಗಳೇ ನಂಬಿದ್ದರು. ಅದರ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಅಂತ ಪತ್ತೆ ಮಾಡಿದ ಇಬ್ಬರು ಆಸ್ಟ್ರೇಲಿಯಾದವರಿಗೆ 2005ರಲ್ಲಿ ನೊಬೆಲ್ ಬಂತು. ಮನಸ್ಸು ಕಾಯಿಲೆಯನ್ನು ಜಾಸ್ತಿ ಮಾಡಬಹುದು, ವಾಸಿಯಾಗುವುದನ್ನು ತಡ ಮಾಡಬಹುದು. ಎಲ್ಲದಕ್ಕೂ ಅದೇ ಕಾರಣ ಅನ್ನುವಂತಿಲ್ಲ.

ದೇವರ ವಿಷಯಕ್ಕೆ ಬಂದರೆ, ನನಗೆ ನಂಬಿಕೆ ಇದೆ. ಕೈವಾರದಲ್ಲಿ ಗುರುಪೂರ್ಣಿಮೆಗೆ ಹಗಲು ರಾತ್ರಿ ಸಂಗೀತ ನಡೆಯುತ್ತದಲ್ಲ, ಅಲ್ಲಿ ಕೂತು ನಾಲ್ಕು ಜನರ ಜೊತೆ ಹಾಡಿ ಬಂದವರ ಮುಖವೇ ಬೇರೆ. ಹಾಡುವಾಗ ಉಸಿರು ನಿಧಾನವಾಗಿ, ಉದ್ದವಾಗಿ ಹೊರಗೆ ಹೋಗುತ್ತದೆ, ಅದರಿಂದ ಎದೆಬಡಿತವೂ ಇಳಿಯುತ್ತದೆ. ಆದರೆ ಮನಸ್ಸು ತೀರಾ ಕುಸಿದವರಿಗೆ ಭಜನೆಯೂ ಬೇಡ ಅನ್ನಿಸುತ್ತದೆ. ದೀಪ ಹಚ್ಚಲು ಕೈ ಏಳುವುದಿಲ್ಲ. ಆಗ ಅವರು ಇದನ್ನು ಖಿನ್ನತೆ ಅಂದುಕೊಳ್ಳದೆ, ದೇವರು ಮುನಿದಿದ್ದಾನೆ, ನಾನೇ ಪಾಪಿ ಅಂದುಕೊಳ್ಳುತ್ತಾರೆ. ಹರಕೆ ಹೊರುತ್ತಾರೆ, ಹರಕೆ ತೀರಿಸಲು ಇನ್ನೊಂದು ಸಾಲ ಮಾಡುತ್ತಾರೆ. ಇಂಥವರಿಗೆ ಭಕ್ತಿ ಕಮ್ಮಿಯಾಗಿಲ್ಲ, ಅವರಿಗೆ ಚಿಕಿತ್ಸೆ ಬೇಕು ಅಂತ ಪೂಜಾರಪ್ಪನವರೇ ಒಂದು ಮಾತು ಹೇಳಿದರೆ ಜನ ನನ್ನ ಮಾತಿಗಿಂತ ಬೇಗ ಕೇಳುತ್ತಾರೆ.

ಡಾಕ್ಟರುಗಳಲ್ಲಿ ನನ್ನದೊಂದೇ ವಿನಂತಿ. ಬಿಪಿ ಪಟ್ಟಿ ಕಟ್ಟುವಾಗ "ಮನೆಯಲ್ಲಿ ಹೇಗಿದೆ ಅಮ್ಮಾ, ನಿದ್ದೆ ಬರುತ್ತಾ?" ಅಂತ ಕೇಳಿ. ಸಾಲುಗಟ್ಟಿ ಜನ ನಿಂತಿರುತ್ತಾರೆ, ನಿಮಗೆ ಸಮಯ ಇಲ್ಲ, ಅದೂ ಗೊತ್ತು. ನೀವು ಕೇಳಿ ನರ್ಸಮ್ಮನ ಹತ್ತಿರ ಕಳಿಸಿದರೂ ಸಾಕು. ಬಲವಂತದ ವಸೂಲಿ ತಡೆಯಲು ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಅದು ಪೊಲೀಸರ ಕೆಲಸ ಮಾತ್ರ ಅಂದುಕೊಂಡಿದ್ದೇವೆ. ನನ್ನ ಪ್ರಕಾರ ಅದು ಆರೋಗ್ಯದ ಕಾನೂನೂ ಹೌದು, ಯಾಕೆಂದರೆ ಕಂತಿನವನು ಬಾಗಿಲಲ್ಲಿ ನಿಂತು ಕೂಗಾಡುವುದು ನಿಂತರೆ ಎಷ್ಟೋ ಜನರ ಎದೆನೋವು ನಿಲ್ಲುತ್ತದೆ.

ಟೆಲಿ ಮಾನಸ್ ಅಂತ ಒಂದು ಸಹಾಯವಾಣಿ ಇದೆ, 2022ರಲ್ಲಿ ಶುರುವಾಯಿತು. ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಮ್ಮ ಸಂಘದಲ್ಲಿ ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಸಂಪಾದಕರೇ, ನೀವು ದಿನಾ ಮಾರುಕಟ್ಟೆ ದರ ಹಾಕುತ್ತೀರಿ, ನಮ್ಮೂರ ರೈತರು ಪೇಪರಿನಲ್ಲಿ ಮೊದಲು ನೋಡುವುದೂ ಅದನ್ನೇ. ಅದರ ಕೆಳಗೆ ಈ ನಂಬರನ್ನೂ ದಿನಾ ಹಾಕಿ.

ಇಂತಿ,
ಸ್ತ್ರೀಶಕ್ತಿ ಸಂಘದ ಸದಸ್ಯೆ, ಚಿಂತಾಮಣಿ ತಾಲ್ಲೂಕು